ಒಂದು ಗೇಣು ಹೆಚ್ಚು

ಫೆಬ್ರವರಿ ೪

ಅಮ್ಮಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿವಿಯ ಮಿಷನ್ನು ಸೀಟಿ ಹೊಡೆಯುತ್ತದೆ, ಹಿಂದಿನಿಂದ ಚಿಕ್ಕಮ್ಮ ‘ಯಾರದು, ಯಾರದು’ ಎಂದು ಕೇಳುತ್ತಲೇ ಇರುತ್ತಾಳೆ, ನಾನು ಅರ್ಧ ಹೇಳುವಷ್ಟರಲ್ಲಿ ‘ಆಯ್ತು ಬಿಡೇ’ ಎಂದು ನೀನು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಮಗೆ ಕೊನೆಗೂ ಜಾಗ ಸಿಕ್ಕಿತು! ಮುಂದೆ ಬೀದಿಗೆ ಶಟರು, ಒಳಗೆ ಒಂದೇ ಒಂದು ಉದ್ದನೆಯ ಕೋಣೆ, ಹಿತ್ತಿಲಲ್ಲಿ ನಲ್ಲಿ. ಕಾಲು ಮುರಿದ ಕುರ್ಚಿ, ತಿರುಗದ ಫ್ಯಾನು, ಚೈನು ಬಿದ್ದ ಸೈಕಲ್ಲು, ಏನೇ ಇರಲಿ, ಸುತ್ತಮುತ್ತಲಿನವರು ಯಾರು ಬೇಕಾದರೂ ತಂದು ತಾವೇ ಸರಿ ಮಾಡಿಕೊಂಡು ಹೋಗಬಹುದು. ಹತಾರ ನಮ್ಮದು, ಕೈ ಅವರದು. ಕಲಿಸುವುದಕ್ಕೆ ಇಬ್ಬರಿದ್ದಾರೆ. ಒಬ್ಬರು ಸೈಕಲ್ ರಿಪೇರಿಯವರು, ಇನ್ನೊಬ್ಬರು ಮೇಸ್ತ್ರಿ. ಮೇಸ್ತ್ರಿ ಎಂದರೆ ಬಡಗಿ ಮೇಸ್ತ್ರಿ. ಈ ಬೀದಿಯ ಅರ್ಧ ಬಾಗಿಲುಗಳು ಅವರ ಕೈಯವೇ. ನನಗೆ ಮರ ನುಣುಪು ಮಾಡುವ ಉಜ್ಜುಗೊರಡು ಹಿಡಿಯಲು ಕಲಿಸಿದವರೂ ಅವರೇ. ಇಷ್ಟು ವರ್ಷ ಮರದ ಕೆಲಸ ಮಾಡಿ ಹತ್ತೂ ಬೆರಳು ಹಾಗೇ ಉಳಿಸಿಕೊಂಡಿದ್ದೇನೆ ಎಂದು ಬಂದವರಿಗೆಲ್ಲ ಕೈ ಬಿಚ್ಚಿ ತೋರಿಸುತ್ತಾರೆ.

ಯಾರೋ ಪುಣ್ಯಾತ್ಮರು ಒಂದು ಹಳೆಯ ಗರಗಸದ ಮಿಷನ್ನು ಕೊಟ್ಟರು. ಅದರ ಸ್ವಂತ ಗುಂಡಿ ಕೆಟ್ಟಿದೆ. ಹಿಂದಿನ ಗೋಡೆಯ ಮೇನ್ ಸ್ವಿಚ್ಚಿನಿಂದಲೇ ಹಾಕಬೇಕು, ಅಲ್ಲಿಂದಲೇ ಆರಿಸಬೇಕು. ಮೇಸ್ತ್ರಿಗೆ ಅದೇನೂ ಲೆಕ್ಕಕ್ಕಿಲ್ಲ. ಎಡಗೈಯಲ್ಲಿ ಹಲಗೆ ಹಿಡಿದು, ತಿರುಗಿಯೂ ನೋಡದೆ ಬಲಗೈ ಹಿಂದಕ್ಕೆ ಚಾಚಿ ಟಕ್ ಎನ್ನಿಸುತ್ತಾರೆ.

ಮನೆಯ ಓನರಮ್ಮ ಮೇಲೆಯೇ ಇದ್ದಾರೆ. ನಾವು ಮಹಡಿಯಮ್ಮ ಎನ್ನುತ್ತೇವೆ. ಒಳ್ಳೆಯವರು, ಆದರೆ ಒಂದು ಷರತ್ತು: ‘ನೋಡಮ್ಮಾ, ಬಾಡಿಗೆ ಸ್ವಲ್ಪ ತಡ ಆದ್ರೂ ಪರವಾಗಿಲ್ಲ, ನನ್ನ ಗೋಡೆಗೆ ಒಂದೇ ಒಂದು ಮೊಳೆ ಹೊಡೀಕೂಡದು.’ ಮೊದಲೇ ಇರುವ ಮೊಳೆಗಳಿಗೆ ಏನು ಬೇಕಾದರೂ ತೂಗುಹಾಕಬಹುದಂತೆ. ಕಿಟಕಿಯ ಪಕ್ಕ ಎರಡು ಮೊಳೆ ಇವೆ, ಅವುಗಳ ಕೆಳಗೆ ಒಂದು ಶೆಲ್ಫು. ನಡುವಿನ ಜಾಗ ಅಳೆದುಕೊಂಡಿದ್ದೇನೆ.

ಬೋರ್ಡು ನೀನೇ ಬರೆದುಕೊಡಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಎತ್ತರ. ‘ಕೈಕೆಲಸದ ಮನೆ’, ಅಷ್ಟೇ. ಅಳತೆಗಿಂತ ಹೆಚ್ಚು ಬೇಡ ಅಮ್ಮಾ. ನಿನ್ನ ಗುಣ ನನಗೆ ಗೊತ್ತು.

ನಿನ್ನ ಕೂಸು


ಫೆಬ್ರವರಿ ೧೭

ಕೂಸೇ,

ಬೋರ್ಡು ನಿನ್ನೆ ಪಾರ್ಸೆಲ್ ಲಾರಿಗೆ ಹಾಕಿಸಿದೆ. ಹಸಿರು ನೆಲ, ಹಳದಿ ಅಕ್ಷರ, ಸುತ್ತ ಕೆಂಪು ಅಂಚು. ಬಣ್ಣದ ವಾಸನೆಗೆ ತಲೆ ಸಿಡಿಯುತ್ತದೆ ಎಂದು ನಿನ್ನ ಚಿಕ್ಕಮ್ಮ ದಿನವೆಲ್ಲ ಹಿತ್ತಿಲಲ್ಲೇ ಕೂತಿದ್ದಳು. ಕೊನೆಗೆ ಮುಗಿದ ಮೇಲೆ ಬಂದು ನೋಡಿ, ‘ಕೈ ನಡುಗಿದ್ದು ಗೊತ್ತೇ ಆಗಲ್ಲ ಕಣಕ್ಕಾ’ ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಈಗ ನೀನೂ ಬೈಯಬೇಡ. ಎತ್ತರಕ್ಕೆ ಒಂದು ಗೇಣು ಹೆಚ್ಚು ಹಾಕಿದ್ದೇನೆ. ಗಿರಾಕಿ ಅಳತೆ ಕೊಡುವುದು ಅಂಗಡಿಯ ಒಳಗೆ ನಿಂತು. ಬೋರ್ಡು ಓದುವವನು ನಿಂತಿರುವುದು ಬೀದಿಯ ಆಚೆ ಬದಿಗೆ. ಬ್ರಷ್ಷು ಹಿಡಿದಂದಿನಿಂದ ಯಾರ ಅಳತೆಯನ್ನೂ ನಾನು ಹಾಗೇ ನಂಬಿದವಳಲ್ಲ, ಬೋರ್ಡು ದೊಡ್ಡದಾಯಿತು ಎಂದು ಯಾವ ಅಂಗಡಿಯವನೂ ವಾಪಸು ತಂದವನಲ್ಲ. ಹೆಚ್ಚಿನ ಆ ಗೇಣಿನಲ್ಲಿ ಅಕ್ಷರವೇನೂ ಇಲ್ಲ. ಕೆಳಗೆ ಉದ್ದಕ್ಕೂ ಬಳ್ಳಿ ಬಿಡಿಸಿದ್ದೇನೆ. ಇದೇ ನನ್ನ ಕೊನೆಯ ಬೋರ್ಡು ಇರಬಹುದು. ಕೊನೆಯದಕ್ಕೆ ಒಂದು ಬಳ್ಳಿಯೂ ಬೇಡವೇ?

ತೂಗುಹಾಕಿ ಹೇಗೆ ಕಾಣುತ್ತದೆ ಬರಿ.

ಅಮ್ಮ


ಫೆಬ್ರವರಿ ೨೬

ಅಮ್ಮಾ,

ಬೋರ್ಡು ಬಂತು. ಗೋಣಿ ಬಿಚ್ಚಿದ ಕೂಡಲೇ ಸೈಕಲ್ ರಿಪೇರಿಯವರು, ‘ಇಷ್ಟು ಚೆನ್ನಾಗಿರೋದನ್ನ ಈ ಧೂಳಲ್ಲಿ ಹಾಕೋದಾ, ಯಾರಾದ್ರೂ ಹೊತ್ಕೊಂಡು ಹೋಗ್ತಾರೆ’ ಎಂದರು. ಬರೆದದ್ದು ನಮ್ಮಮ್ಮ ಎಂದು ಕೇಳದವರಿಗೂ ಹೇಳಿದೆ.

ಆದರೆ ನಿನ್ನ ಒಂದು ಗೇಣು ನನ್ನನ್ನು ಸಾಕು ಸಾಕು ಮಾಡಿತು. ಕಿಟಕಿಯ ಪಕ್ಕ ತೂಗಿದರೆ ಬಳ್ಳಿ ಹೋಗಿ ಶೆಲ್ಫಿನ ಮೇಲೆ ಕೂರುತ್ತದೆ, ಬೋರ್ಡು ಮುಂದಕ್ಕೆ ಮುಗ್ಗರಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಮಗೆ ಹೇಳಿ ಬೆಳೆಸಿದವಳು ನೀನೇ ಅಲ್ಲವೇ? ಹೊಸ ಮೊಳೆ ಹೊಡೆಯುವ ಹಾಗಿಲ್ಲ. ಗೋಡೆಗಳನ್ನೆಲ್ಲ ಸವರಿ ಸವರಿ ಕಡೆಗೆ ಹಿಂದಿನ ಗೋಡೆಯಲ್ಲಿ, ಗರಗಸದ ಮಿಷನ್ನಿನ ಹಿಂದೆ, ಇನ್ನೆರಡು ಮೊಳೆ ಸಿಕ್ಕವು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಶಟರು ಎತ್ತಿದರೆ ಸಾಕು, ಬೀದಿಯ ಆಚೆಯಿಂದಲೇ ಓದಬಹುದು. ಅಲ್ಲಿದ್ದ ಬೂದು ಬಣ್ಣದ ಡಬ್ಬಿಯೂ ಬಳ್ಳಿಯ ಹಿಂದೆ ಮರೆಯಾಯಿತು, ನೋಡಲು ಅಸಹ್ಯವಾಗಿತ್ತು. ಕೆಳಗಿನಿಂದ ಕೈ ಹಾಕಿದರೆ ಸಿಗುತ್ತದೆ, ನಾನೇ ಹಾಕಿ ನೋಡಿದೆ.

ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬಳೇ ತೂಗಿದೆ. ನಾಳೆಯೇ ಬಾಗಿಲು ತೆರೆಯುವ ದಿನ, ಬೆಳಿಗ್ಗೆ ಶಟರು ಎತ್ತಿದಾಗ ಮೊದಲು ನಿನ್ನ ಅಕ್ಷರ ನೋಡಲಿ ಎಂದು.

ನಿನ್ನ ಕೂಸು


ಮಾರ್ಚ್ ೪

ಕೂಸೇ,

ನಿನ್ನ ಕಾಗದ ಓದಿ ಖುಷಿಯಾಯಿತು. ಚಿಕ್ಕಮ್ಮ ಪಕ್ಕದ ಮನೆಗೂ ಓದಿ ಹೇಳಿ ಬಂದಳು.

ಒಂದು ಮಾತು. ಬೂದು ಡಬ್ಬಿ ಎಂದೆಯಲ್ಲ, ಮೇಸ್ತ್ರಿ ತಿರುಗಿ ನೋಡದೆ ಕೈ ಚಾಚುವ ಸ್ವಿಚ್ಚು ಅದೇ ಏನು? ಕೆಳಗಿನಿಂದ ಕೈ ಹಾಕಬೇಕು ಎಂಬುದು ನಿನಗೆ ಗೊತ್ತು. ಅವರಿಗೆ ಹೇಳಿದೆಯಾ? ನನ್ನ ಬೋರ್ಡು ಎಲ್ಲಿ ತೂಗಿದರೂ ಬೇಸರವಿಲ್ಲ, ಮೂಲೆಯಲ್ಲಿ ಒರಗಿಸಿಟ್ಟರೂ ಸರಿ. ಕೂಡಲೇ ಬರಿ.

ಅಮ್ಮ


ಮಾರ್ಚ್ ೨೯

ಅಮ್ಮಾ,

ಬರೆಯುವುದು ತಡವಾಯಿತು. ಕೆಲಸ ಹೆಚ್ಚು.

ಮೇಸ್ತ್ರಿಗೆ ಪೆಟ್ಟಾಯಿತು. ಬಾಗಿಲು ತೆರೆದ ದಿನವೇ. ಹಲಗೆ ಕೊಯ್ಯುತ್ತಿದ್ದರು, ಅದು ಗರಗಸಕ್ಕೆ ಸಿಕ್ಕಿಕೊಂಡಿತು, ಅಷ್ಟರಲ್ಲಿ ಅವರು ಯಾಕೋ ತಲೆ ತಿರುಗಿಸಿದರು. ಎಡಗೈಯ ಎರಡು ಬೆರಳ ತುದಿ ಹೋಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಗಾಯ ಒಣಗುತ್ತಿದೆ ಎನ್ನುತ್ತಾರೆ. ಅವರು ಇತ್ತ ಬಂದಿಲ್ಲ.

ವಯಸ್ಸಾಯಿತು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದಾರೆ. ಮೊನ್ನೆ ಎಲ್ಲ ಸೇರಿದಾಗ ಸೈಕಲ್ ರಿಪೇರಿಯವರು, ‘ಅಂಥವರಿಗೇ ಹೀಗಾದ್ರೆ ಉಳಿದೋರ ಗತಿ ಏನು? ಒಂದು ಬೋರ್ಡು ಹಾಕೋಣ’ ಎಂದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ‘ಅರವತ್ತು ದಾಟಿದವರು ಈ ಮಿಷನ್ನು ಮುಟ್ಟಬಾರದು’ ಎಂದು ಬರೆಯಬೇಕು. ಅದನ್ನೂ ನಿನ್ನ ಕೈಯಲ್ಲೇ ಬರೆಸಬೇಕೆಂದು ಅವರ ಆಸೆ. ಒಂದಡಿ ಉದ್ದ, ಮುಕ್ಕಾಲು ಅಡಿ ಎತ್ತರ. ಮೊಳೆ ಬೇಡ, ಮಿಷನ್ನಿಗೇ ತಂತಿಯಲ್ಲಿ ಕಟ್ಟುತ್ತೇವೆ.

ಚಿಕ್ಕಮ್ಮನ ಮಂಡಿ ನೋವು ಹೇಗಿದೆ? ಇಲ್ಲಿ ತುಂಬಾ ಸೆಕೆ.

ನಿನ್ನ ಕೂಸು


ಏಪ್ರಿಲ್ ೫

ಕೂಸೇ,

ಚಿಕ್ಕಮ್ಮನ ಮಂಡಿ ಹಾಗೇ ಇದೆ. ಸೆಕೆ ಇಲ್ಲಿಯೂ ಇದೆ.

ನಾನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅದಕ್ಕೆ ಉತ್ತರವಿಲ್ಲ. ನನ್ನ ಬೋರ್ಡಿನ ಸುದ್ದಿಯೂ ಇಲ್ಲ. ಚಿಕ್ಕವಳಿದ್ದಾಗ ಬಣ್ಣದ ಡಬ್ಬಿ ಉರುಳಿಸಿದ ದಿನ ನೀನು ಹೀಗೇ ಬಂದು ‘ಅಮ್ಮಾ, ನಿಂಗೆ ತಲೆನೋವಾ?’ ಎಂದು ಕೇಳುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಿನ್ನದು.

ನಾನು ಅಂದುಕೊಂಡದ್ದೇ ನಿಜವಾದರೆ, ಕೇಳು. ಆ ಬೋರ್ಡನ್ನು ಒಡೆದು ಸುಟ್ಟುಹಾಕು. ಬಾಯಿ ಬಿಡಬೇಡ. ಮಹಡಿಯಮ್ಮನಿಗೆ ಗೊತ್ತಾದರೆ ಸಾಮಾನು ಸಮೇತ ಬೀದಿಗೆ ಹಾಕುತ್ತಾರೆ, ಊರೆಲ್ಲ ನಿನ್ನತ್ತ ಬೆರಳು ತೋರಿಸುತ್ತದೆ. ನೀನು ಹೇಳಿದರೆ ಹೋದ ಬೆರಳು ಚಿಗುರುತ್ತದೆಯೇ? ಆದದ್ದು ಆಗಿಹೋಯಿತು. ನೀವು ಕೇಳಿದ ಹೊಸ ಬೋರ್ಡು ಬರೆದು ಕಳಿಸುತ್ತೇನೆ.

ಅಮ್ಮ


ಏಪ್ರಿಲ್ ೨೦

ಅಮ್ಮಾ,

ನೀನು ಅಂದುಕೊಂಡದ್ದೇ ನಿಜ.

ಅವತ್ತು ಬೆಳಿಗ್ಗೆ ಮಿಷನ್ನು ಹಾಕಿಕೊಟ್ಟವಳು ನಾನೇ, ಬೋರ್ಡಿನ ಕೆಳಗಿನಿಂದ ಕೈ ಹಾಕಿ. ಆಗಲೇ ‘ಮೇಸ್ತ್ರೀ, ಡಬ್ಬಿ ಇಲ್ಲಿದೆ ನೋಡಿ’ ಎಂದಿದ್ದರೆ ಮುಗಿದಿತ್ತು. ಹೇಳಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಜನ ಬಂದರು, ಅವರಿಗೆ ನಿನ್ನ ಅಕ್ಷರ ತೋರಿಸುತ್ತಾ ನಿಂತೆ. ಹಲಗೆ ಸಿಕ್ಕಿಕೊಂಡಾಗ ಮೇಸ್ತ್ರಿಯ ಬಲಗೈ ಎಂದಿನಂತೆ ಹಿಂದಕ್ಕೆ ಬಂತು. ನಾನು ನೋಡುತ್ತಿದ್ದೆ. ಕೈ ಬಳ್ಳಿಯ ಮೇಲೆ ತಡಕಾಡಿತು, ಸ್ವಿಚ್ಚು ಸಿಗಲಿಲ್ಲ, ಏನಿದು ಎಂದು ತಿರುಗಿದರು. ತಿರುಗಿದ ಆ ಒಂದು ಗಳಿಗೆಯಲ್ಲಿ ಎಡಗೈ ಜಾರಿತು.

ಎಲ್ಲರೂ ಅವರನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ನೆಲ ತೊಳೆಯುತ್ತೇನೆ ಎಂದು ನಾನು ಉಳಿದೆ. ಮೊದಲು ನೆಲ ತೊಳೆಯಲಿಲ್ಲ ಅಮ್ಮಾ. ಮೊದಲು ಬೋರ್ಡು ಇಳಿಸಿದೆ. ಅವರು ವಾಪಸು ಬರುವಷ್ಟರಲ್ಲಿ ಡಬ್ಬಿ ಎಲ್ಲರ ಕಣ್ಣಿಗೆ ಕಾಣುವಂತೆ ಇತ್ತು. ಬೋರ್ಡೆಲ್ಲಿ ಎಂದು ಯಾರೋ ಕೇಳಿದರು. ರಕ್ತ ಸಿಡಿದಿತ್ತು, ಒರೆಸಿ ಎತ್ತಿಟ್ಟೆ ಎಂದೆ. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ನಿನ್ನ ಮಾತು ಕೇಳಿ ಸುಮ್ಮನಿರೋಣ ಎಂದೇ ಇದ್ದೆ. ಆದರೆ ಮೊನ್ನೆ ಅವರನ್ನು ನೋಡಲು ಹೋದೆ. ಹೆಂಡತಿ ಅವರನ್ನು ಒಬ್ಬರೇ ಬೀದಿಗೆ ಬಿಡುವುದಿಲ್ಲ, ಒಲೆ ಹಚ್ಚಲೂ ಬಿಡುವುದಿಲ್ಲ. ಮೇಸ್ತ್ರಿ ನನ್ನ ಹತ್ತಿರಕ್ಕೆ ಬಂದು ಮೆಲ್ಲಗೆ ಹೇಳಿದರು: ‘ಯಾಕೆ ತಲೆ ತಿರುಗಿಸ್ದೆ ಅಂತ ನೆನಪೇ ಬರ್ತಿಲ್ಲ ಕಣಮ್ಮಾ. ಬೆರಳು ಹೋದ್ರೆ ಹೋಯ್ತು. ಬುದ್ಧಿ ಜಾರ್ತಾ ಇದೆ. ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು, ಕೊನೇಲಿ ನನ್ನ ಗುರ್ತೂ ಸಿಗ್ತಿರ್ಲಿಲ್ಲ.’ ಆಮೇಲೆ ಮಂಚದ ಕೆಳಗಿನಿಂದ ಚೀಲ ಎಳೆದರು. ಉಳಿ, ಉಜ್ಜುಗೊರಡು, ಗರಗಸ, ಎಲ್ಲ ಅದರಲ್ಲಿ. ‘ನಂಗಿನ್ನು ಬೇಡ. ನೀನು ಚೆನ್ನಾಗಿ ನೋಡ್ಕೋತೀಯ’ ಎಂದರು.

ಹೊತ್ತು ತಂದೆ ಅಮ್ಮಾ. ಚೀಲ ಈಗ ಶೆಲ್ಫಿನ ಮೇಲಿದೆ, ಅದರ ಹಿಂದೆ ಗೋಡೆಗೆ ಮುಖ ಮಾಡಿ ನಿನ್ನ ಬೋರ್ಡು.

ನಿನ್ನ ಕೂಸು


ಏಪ್ರಿಲ್ ೨೭

ಕೂಸೇ,

ಅರವತ್ತರ ಬೋರ್ಡು ಬರೆಯಲು ಕೂತಿದ್ದೆ. ಒಂದು ಪದ ಬರೆದಿದ್ದೆನೋ ಇಲ್ಲವೋ, ನಿನ್ನ ಚಿಕ್ಕಮ್ಮ ಇಣುಕಿ, ‘ಅರವತ್ತು ದಾಟಿದೋಳ ಕೈಲೇ ಇದನ್ನ ಬರೆಸ್ತಾರಲ್ಲ, ಮಾನ ಇದ್ಯಾ ಅವರಿಗೆ’ ಎಂದಳು. ನಗು ಬಂತು. ಅದೇ ಹೊತ್ತಿಗೆ ನಿನ್ನ ಕಾಗದ ಬಂತು. ಹಲಗೆಯನ್ನು ಒಲೆಗೆ ಹಾಕಿದೆ.

ಬಾಯಿ ಬಿಡಬೇಡ ಎಂದಿದ್ದೆನಲ್ಲ, ಆ ಮಾತು ವಾಪಸು ತೆಗೆದುಕೊಂಡೆ. ನಿನಗಾಗಿ ಹೇಳಿದೆ ಎಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಬಳ್ಳಿಯ ಮಾನ ಉಳಿಯಲಿ ಎಂಬ ಆಸೆಯೂ ಅದರಲ್ಲಿತ್ತು. ನೀನು ಅಳತೆ ಕೊಟ್ಟಿದ್ದೆ, ಹೆಚ್ಚು ಬೇಡ ಎಂದೂ ಬರೆದಿದ್ದೆ. ನನಗೆ ಜಂಬ. ಆ ಗೇಣಿಲ್ಲದಿದ್ದರೆ ಬೋರ್ಡು ಕಿಟಕಿಯ ಪಕ್ಕ ಕೂತಿರುತ್ತಿತ್ತು, ಮೇಸ್ತ್ರಿ ಇವತ್ತೂ ಹತ್ತು ಬೆರಳು ತೋರಿಸುತ್ತಿದ್ದರು. ಊಟದ ತಟ್ಟೆಯ ಮುಂದೆ ಕೂತಾಗಲೂ ಅದೇ ತಲೆಯಲ್ಲಿ.

ಹೋಗಿ ಹೇಳು. ನನ್ನ ಗೇಣಿನ ವಿಷಯವನ್ನೂ ಹೇಳು, ಆದರೆ ಅದನ್ನು ಅಡ್ಡ ಹಿಡಿದು ನೀನು ತಪ್ಪಿಸಿಕೊಳ್ಳಬೇಡ. ಒಬ್ಬ ಮನುಷ್ಯ ತನ್ನ ತಲೆಯನ್ನೇ ನಂಬದೆ ಕೂತಿದ್ದಾನೆ. ಬೋರ್ಡನ್ನು ಸುಡಬೇಡ. ಹೆಚ್ಚಾದದ್ದನ್ನು ಕೊಯ್ಯಿಸು.

ಅಮ್ಮ


ಮೇ ೧೫

ಅಮ್ಮಾ,

ಹೇಳಿದೆ.

ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ, ನಿನ್ನ ಗೇಣಿನ ವಿಷಯವನ್ನೂ. ಒಳಗೆ ಹೋಗಿ ಅವರ ಮನೆಯ ಕಾಫಿ ಕುಡಿದರೆ ಆಮೇಲೆ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೇಸ್ತ್ರಿ ಬಲಗೈ ಬೆನ್ನ ಹಿಂದಕ್ಕೆ ಚಾಚಿ ಗಾಳಿಯಲ್ಲಿ ತಡಕಿದರು. ‘ಹೌದು... ನುಣ್ಣಗೆ ಏನೋ ಸಿಕ್ತು. ಪೇಂಟು’ ಎಂದರು. ಇದ್ದಕ್ಕಿದ್ದ ಹಾಗೆ ಮುಖ ಅರಳಿತು. ‘ಏ, ಬಾರೇ ಇಲ್ಲಿ! ನನ್ನ ತಲೆ ಸರಿಯಾಗೇ ಇದೆ ಕಣೇ! ಬೋರ್ಡು ಅಡ್ಡ ಇತ್ತಂತೆ!’ ಎಂದು ಹೆಂಡತಿಯನ್ನು ಕೂಗಿ ನಕ್ಕರು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ ಅಮ್ಮಾ. ಆ ನಗುವಿಗೆ ಸಿದ್ಧಳಾಗಿರಲಿಲ್ಲ.

ಅವರ ಹೆಂಡತಿ ನಗಲಿಲ್ಲ. ‘ನಿಂಗೆ ಯಾವತ್ತಿಂದ ಗೊತ್ತಿತ್ತು?’ ಎಂದು ಕೇಳಿದರು.

‘ಅವತ್ತಿಂದ್ಲೇ.’

‘ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು ಒಂದೊಂದಾಗಿ ಹೇಳ್ಕೊಂಡು ನೋಡ್ತಾರೆ ಇವರು, ಯಾವುದಾದ್ರೂ ಮರೆತೋಗಿದ್ಯಾ ಅಂತ. ನೀನು ಬಂದು ಹಣ್ಣು ಕೊಟ್ಟು, ಚೀಲ ತಗೊಂಡು ಹೋದೆ.’

ಮೇಸ್ತ್ರಿಯ ನಗು ನಿಂತಿತು. ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು. ಹೆಂಡತಿ ಬಾಗಿಲು ಹಾಕಿಕೊಂಡರು.

ಮರುದಿನ ಎಲ್ಲರ ಮುಂದೆಯೂ ಹೇಳಿದೆ. ಸೈಕಲ್ ರಿಪೇರಿಯವರು ಶಟರಿನ ಬೀಗದ ಕೈ ಕೇಳಿದರು, ಕೊಟ್ಟೆ. ಅರವತ್ತರ ಮಾತು ಅಲ್ಲಿಗೇ ಬಿತ್ತು. ಮಹಡಿಯಮ್ಮ ಇಳಿದು ಬಂದಾಗ ಖಾಲಿ ಮಾಡಿ ಎನ್ನುತ್ತಾರೆ ಎಂದೇ ತಿಳಿದಿದ್ದೆ. ಅವರು ಗೋಡೆ ನೋಡಿದರು, ಡಬ್ಬಿ ನೋಡಿದರು. ‘ನನ್ನ ಗೋಡೆ ಏನೋ ಉಳೀತು’ ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ನಾನು ಈಗಲೂ ದಿನಾ ಹೋಗುತ್ತೇನೆ. ಕಸ ಗುಡಿಸುತ್ತೇನೆ, ಹತಾರ ಒರೆಸುತ್ತೇನೆ. ಯಾರೂ ಬೇಡ ಎಂದಿಲ್ಲ, ಯಾರೂ ಬಾ ಎಂದೂ ಇಲ್ಲ.

ನಿನ್ನೆ ಮೇಸ್ತ್ರಿ ಬಂದರು. ಒಬ್ಬರೇ ಬಂದರು. ನನ್ನತ್ತ ನೋಡಲಿಲ್ಲ. ಶೆಲ್ಫಿನಿಂದ ತಮ್ಮ ಚೀಲ ಇಳಿಸಿಕೊಂಡು, ಅದರ ಹಿಂದಿದ್ದುದನ್ನು ತೋರಿಸಿ ‘ಆ ಬೋರ್ಡು ಇದೇ ಅಲ್ವಾ?’ ಎಂದು ಸೈಕಲ್ ರಿಪೇರಿಯವರನ್ನು ಕೇಳಿದರು. ಬೆಂಚಿನ ಮೇಲೆ ಮಲಗಿಸಿ, ಮೊಂಡು ಬೆರಳುಗಳ ಎಡಗೈಯನ್ನು ಅದರ ಮೇಲೆ ಊರಿ, ಕೈಗರಗಸದಲ್ಲಿ ಕೊಯ್ದರು. ಬಳ್ಳಿ ಉದ್ದಕ್ಕೂ ಬೇರೆಯಾಯಿತು. ಗೆರೆ ಒಂದಿಷ್ಟೂ ಓರೆಯಾಗಲಿಲ್ಲ. ಉಳಿದ ಬೋರ್ಡು ಈಗ ಕಿಟಕಿಯ ಪಕ್ಕ ಇದೆ, ಶೆಲ್ಫಿಗೆ ತಾಗದಂತೆ, ನಾನು ಮೊದಲು ಅಳೆದ ಜಾಗದಲ್ಲಿ.

ಬಳ್ಳಿಯ ತುಂಡನ್ನು ನಿನಗೆ ಕಳಿಸುತ್ತಿದ್ದೇನೆ. ಸ್ವಿಚ್ಚಿನ ಮೇಲ್ಗಡೆ ಹಾಕಲು ಒಂದು ಬೋರ್ಡು ಬೇಕು. ಡಬ್ಬಿಯ ಅಗಲ ಹನ್ನೊಂದು ಇಂಚು.

ನಿನ್ನ ಕೂಸು


ಮೇ ೨೬

ಕೂಸೇ,

ತುಂಡು ಬಂತು. ಕೊಯ್ದ ಅಂಚಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದೆ. ನುರಿತ ಕೈ.

ಬಳ್ಳಿಯ ಬೆನ್ನಿಗೆ ಬರೆದಿದ್ದೇನೆ. ಬಿಳಿ ನೆಲ, ಕೆಂಪು ಅಕ್ಷರ: ‘ಕರೆಂಟು ಆರಿಸುವುದು ಇಲ್ಲಿ’. ಕೆಳಗೆ ಒಂದು ಬಾಣ. ತೂಗಿದಾಗ ಬಳ್ಳಿ ಗೋಡೆಯ ಕಡೆಗಿರಲಿ, ಯಾರೂ ನೋಡುವುದು ಬೇಡ. ಹನ್ನೊಂದು ಇಂಚು ಎಂದೆ, ಹನ್ನೊಂದೇ ಇಂಚಿಗೆ ಕೊಯ್ಯಿಸಿದ್ದೇನೆ. ಚಿಕ್ಕಮ್ಮ ಅಳೆದು ನೋಡಿ, ‘ನಿಂಗೆ ಮೈ ಹುಷಾರಿದೆ ತಾನೇ?’ ಎಂದಳು.

ಮೇಸ್ತ್ರಿಗೆ ಒಂದು ಕಾಗದ ಬರೆಯಲು ಕೂತಿದ್ದೆ. ‘ನಮಸ್ಕಾರ’ ಆದ ಮೇಲೆ ಮುಂದಕ್ಕೆ ಹೋಗಲಿಲ್ಲ. ಬೋರ್ಡನ್ನೇ ಅವರ ಕೈಗೆ ಕೊಡು.

ಅಮ್ಮ


ಜೂನ್ ೯

ಅಮ್ಮಾ,

ಬೋರ್ಡನ್ನು ಅವರ ಬೆಂಚಿನ ಮೇಲೆ ಇಟ್ಟೆ. ಕೈಗೆ ಕೊಡುವ ಧೈರ್ಯ ಬರಲಿಲ್ಲ.

ಹಿಂದಿನ ಗೋಡೆಯ ಆ ಎರಡು ಮೊಳೆ ತುಂಬಾ ಎತ್ತರದಲ್ಲಿವೆ, ಡಬ್ಬಿಗೆ ಹತ್ತಿರದಲ್ಲಿ ಹಳೆಯ ಮೊಳೆ ಇರಲಿಲ್ಲ. ಮಹಡಿಯಮ್ಮ ಅವರಾಗಿಯೇ ಒಂದು ಮೊಳೆ ಹಿಡಿದು ಇಳಿದು ಬಂದು, ‘ಹೊಡೀರಿ’ ಎಂದರು. ಸುತ್ತಿಗೆಯ ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಪಾಪ.

ಮೇಸ್ತ್ರಿ ಮೊದಲು ಟೇಪು ಹಿಡಿದು ಡಬ್ಬಿ ಅಳೆದರು, ಆಮೇಲೆ ನಿನ್ನ ಬೋರ್ಡು ಅಳೆದರು. ತಿರುಗಿಸಿ ಬಳ್ಳಿಯನ್ನೂ ನೋಡಿದರು. ತೂಗುಹಾಕಿ, ಮಿಷನ್ನಿನ ಮುಂದೆ ನಿಂತು, ತಿರುಗಿ ನೋಡದೆ ಬಲಗೈ ಹಿಂದಕ್ಕೆ ಚಾಚಿದರು. ಟಕ್ ಎಂದಿತು. ಇನ್ನೊಮ್ಮೆ ಚಾಚಿದರು, ಮತ್ತೊಮ್ಮೆ ಚಾಚಿದರು. ಪ್ರತಿ ಸಲವೂ ಸಿಕ್ಕಿತು. ನಾನು ಪೊರಕೆ ಹಿಡಿದುಕೊಂಡು ನಿಂತಿದ್ದೆ.

ಹೋಗುವಾಗ ನನ್ನ ಹತ್ತಿರ ನಿಂತರು. ಆ ಬಾಗಿಲು ಹಾಕಿಕೊಂಡ ದಿನದಿಂದ ನನ್ನ ಜೊತೆ ಆಡಿದ ಮೊದಲ ಮಾತು ಇದು: ‘ನಿಮ್ಮಮ್ಮನಿಗೆ ಬರಿ, ಅಳತೆ ಸರಿಯಾಗಿದೆ ಅಂತ.’

ಬರೆದಿದ್ದೇನೆ ಅಮ್ಮಾ. ನಿನಗೆ ಹೇಳಿದ್ದು ಅದು. ನನಗೆಂದು ಅವರು ಇನ್ನೂ ಏನೂ ಹೇಳಿಲ್ಲ. ನಾಳೆಯೂ ಹೋಗಿ ಕಸ ಗುಡಿಸುತ್ತೇನೆ.

ನಿನ್ನ ಕೂಸು